ಕಾಲೇಜಿಗೆ ವಿಪತ್ತು ನಿರ್ವಹಣಾ ಯೋಜನೆ ಬರೆಯಬೇಕಿದೆ, ಎಲ್ಲಿಂದ ಶುರು ಮಾಡಲಿ?

ಘಟಪ್ರಭಾ_ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ವರ್ಷ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ನೋಡಿಕೊಳ್ಳುವ ಘಟಕ) ಜವಾಬ್ದಾರಿಯೂ ನನಗೇ ಬಂದಿದೆ. ಹೋದ ವಾರ ಪ್ರಿನ್ಸಿಪಾಲರು ಕರೆದು, "ಕಾಲೇಜಿಗೆ ಒಂದು ವಿಪತ್ತು ನಿರ್ವಹಣಾ ಯೋಜನೆ ಬೇಕು ಮೇಡಂ, ಮಳೆಗಾಲದೊಳಗೆ ಮಾಡಿಬಿಡಿ" ಅಂದರು.

ಹಳೆಯ ಫೈಲ್ ಹುಡುಕಿದೆ, ಸಿಕ್ಕಿತು. ನಲವತ್ತು ಪುಟ ಇದೆ. ಎಲ್ಲಿಂದಲೋ ಇಳಿಸಿಕೊಂಡು ಕಾಲೇಜಿನ ಹೆಸರು ಸೇರಿಸಿದ್ದಾರೆ ಅಂತ ಎರಡನೇ ಪುಟದಲ್ಲೇ ಗೊತ್ತಾಯಿತು. ಸುನಾಮಿ ಬಂದರೆ ಏನು ಮಾಡಬೇಕು ಅಂತ ಒಂದು ಇಡೀ ಅಧ್ಯಾಯ ಇದೆ. ಸಮುದ್ರ ನಮ್ಮೂರಿನಿಂದ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ. ಹೊಳೆ ಮಾತ್ರ ಕಾಂಪೌಂಡ್ ಗೋಡೆಯಿಂದ ಅರ್ಧ ಕಿಲೋಮೀಟರ್. ಹೊಳೆ ಬಗ್ಗೆ ಒಂದು ಸಾಲೂ ಇಲ್ಲ. ತುರ್ತು ಸಂಪರ್ಕದ ಪುಟದಲ್ಲಿ ಇರುವ ಮೊದಲ ನಂಬರ್ ಹಿಂದಿನ ಪ್ರಿನ್ಸಿಪಾಲರದು. ಅವರು ನಿವೃತ್ತರಾಗಿ ಆರು ವರ್ಷ ಆಯಿತು.

ಇದನ್ನೇ ದಿನಾಂಕ ಬದಲಿಸಿ ಕೊಟ್ಟರೆ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರ ಫೈಲಿಗೆ ಸಾಕಾಗುತ್ತದೆ ಅಂತ ಒಬ್ಬರು ಹೇಳಿದರು. ನನಗೆ ಮನಸ್ಸು ಒಪ್ಪುತ್ತಿಲ್ಲ. 2019ರಲ್ಲಿ ನೀರು ನಮ್ಮ ಆಟದ ಮೈದಾನದ ತನಕ ಬಂದಿತ್ತಂತೆ. ನಾನು ಸೇರಿದ್ದು 2021ರಲ್ಲಿ, ನೋಡಿಲ್ಲ.

ನಮ್ಮ ಪರಿಸ್ಥಿತಿ ಹೇಳುತ್ತೇನೆ. ಸುಮಾರು 900 ವಿದ್ಯಾರ್ಥಿಗಳು. ಕೆಳಮಹಡಿಯಲ್ಲೇ ಆಫೀಸು, ರೆಕಾರ್ಡ್ ರೂಮು, ರಸಾಯನಶಾಸ್ತ್ರದ ಲ್ಯಾಬು, ಕರೆಂಟಿನ ಮೇನ್ ಬೋರ್ಡು. ಹಿಂದುಗಡೆ 60 ಹುಡುಗಿಯರ ಹಾಸ್ಟೆಲ್. ಪರೀಕ್ಷಾ ಕೇಂದ್ರವೂ ನಮ್ಮದೇ.

ಜನರನ್ನು ಹೊರಗೆ ಕರೆತರುವುದು, ಬೆಂಕಿ ಆರಿಸುವುದು, ಇವುಗಳ ಬಗ್ಗೆ ಓದಲು ಸಿಗುತ್ತದೆ. ಆದರೆ ಆಮೇಲೆ? ಕಾಲೇಜು ಹದಿನೈದು ದಿನ ಮುಚ್ಚಿದರೆ ಪರೀಕ್ಷೆ, ಸಂಬಳ, ಟಿಸಿ, ಇವೆಲ್ಲ ಹೇಗೆ ನಡೆಯಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ. ನಿಜವಾಗಿ ಉಪಯೋಗಕ್ಕೆ ಬರುವುದನ್ನು ಬರೆಯಬೇಕು ಅಂತ ಆಸೆ.

ನಿವೃತ್ತ_ಸೂಪರಿಂಟೆಂಡೆಂಟ್

ಮೇಡಂ, ನಮಸ್ಕಾರ. ನಾನು ಮಲಪ್ರಭಾ ದಂಡೆಯ ಒಂದು ಊರಿನ ಕಾಲೇಜಿನಲ್ಲಿ 31 ವರ್ಷ ಆಫೀಸಿನ ಕೆಲಸ ಮಾಡಿದವನು. ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದೆ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ, ಆಮೇಲೆ ನಿದ್ದೆ ಹತ್ತಲಿಲ್ಲ. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2019ರ ಆಗಸ್ಟ್ 5, ಸೋಮವಾರ ನಾಗರ ಪಂಚಮಿ ಇತ್ತು. ನಮ್ಮ ಕಡೆ ಪಂಚಮಿ ಅಂದರೆ ಎಷ್ಟು ದೊಡ್ಡ ಹಬ್ಬ ಅಂತ ನಿಮಗೆ ಹೇಳಬೇಕಾಗಿಲ್ಲ. ತಂಗಿ ತವರಿಗೆ ಬಂದಿದ್ದಳು. ನಾನೂ ಶನಿವಾರ ಆಫೀಸು ಮುಗಿಸಿ ಹಳ್ಳಿಗೆ ಹೋದೆ. ರೆಕಾರ್ಡ್ ರೂಮಿನ ಕೀಲಿ ನನ್ನ ಬ್ಯಾಗಿನಲ್ಲೇ ಇತ್ತು. ಇನ್ನೊಂದು ಕೀಲಿ ಪ್ರಿನ್ಸಿಪಾಲರ ಮೇಜಿನ ಡ್ರಾಯರಿನಲ್ಲಿ. ಅವರ ಕೋಣೆಗೆ ಬೀಗ. ಆ ಬೀಗದ ಕೀಲಿ ಅವರ ಹತ್ತಿರ, ಅವರು ಧಾರವಾಡದಲ್ಲಿ.

ಆ ವಾರ ಮಳೆ ಹೇಗೆ ಬಂತು ಅಂತ ನೀವೂ ಕೇಳಿರುತ್ತೀರಿ. ಹಲವು ವರ್ಷ ತುಂಬದೇ ಇದ್ದ ಮಲಪ್ರಭೆಯ ನವಿಲುತೀರ್ಥ ಡ್ಯಾಂ ನೋಡನೋಡುತ್ತ ತುಂಬಿತು, ಗೇಟು ತೆಗೆದರು. ಬುಧವಾರ ಸಂಜೆ ನಮ್ಮ ಕಾವಲುಗಾರ ಫೋನ್ ಮಾಡಿದ. "ಸಾಹೇಬ್ರ, ನೀರು ಗೇಟಿಗೆ ಬಂದೈತ್ರಿ. ರೆಕಾರ್ಡ್ ರೂಮಿನ ಬೀಗ ಒಡೀಲೇನ್ರಿ?"

ನಾನು ಹೇಳಿದ್ದು, "ತಡಿ, ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತೇನೆ."

ಪ್ರಿನ್ಸಿಪಾಲರ ಫೋನ್ ಸಿಗಲಿಲ್ಲ. ಸಂಸ್ಥೆಯ ಕಾರ್ಯದರ್ಶಿಗಳಿಗೆ ಹಚ್ಚಿದೆ, ಅವರು "ಪ್ರಿನ್ಸಿಪಾಲರನ್ನು ಕೇಳಿ" ಅಂದರು. ಎರಡು ತಾಸು ಹೀಗೇ ಹೋಯಿತು. ಕೊನೆಗೆ ನಾನೇ ಧೈರ್ಯ ಮಾಡಿ, ಒಡೆದುಬಿಡು ಅಂತ ಹೇಳೋಣ ಎಂದು ಫೋನ್ ಹಚ್ಚಿದರೆ ಅವನದೇ ಫೋನ್ ಬಂದ್. ಅಷ್ಟೊತ್ತಿಗೆ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೇಲಿನ ಓಣಿಗೆ ಹೋಗಿದ್ದ. ಹೋಗಬೇಕಾದ್ದೇ. ಅವನು ಕೇಳಿದ ಹೊತ್ತಿಗೆ ನಾನು "ಹೂಂ" ಅಂದಿದ್ದರೆ, ಅವನೂ ಇನ್ನಿಬ್ಬರೂ ಸೇರಿ ಎರಡು ತಾಸಿನಲ್ಲಿ ಕೆಳಗಿನ ರ್‍ಯಾಕುಗಳನ್ನೆಲ್ಲ ಖಾಲಿ ಮಾಡುತ್ತಿದ್ದರು. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ನಿಮ್ಮ ಯೋಜನೆಯ ಮೊದಲನೇ ಪುಟದಲ್ಲಿ, ಉಳಿದ ಎಲ್ಲಕ್ಕಿಂತ ಮುಂಚೆ, ಇದೊಂದನ್ನು ಬರೆಯಿರಿ: ಯಾರನ್ನೂ ಕೇಳದೆ ಬೀಗ ಒಡೆಯುವ ಅಧಿಕಾರ ಯಾರಿಗಿದೆ. ಆ ಹೊತ್ತಿಗೆ ಕಾಲೇಜಿನ ಆವರಣದಲ್ಲಿ ಯಾರು ಇರುತ್ತಾರೋ ಅವರಿಗೆ ಇರಬೇಕು. ಹಬ್ಬದ ದಿನ, ರಾತ್ರಿ ಎರಡು ಗಂಟೆಗೆ ಪ್ರಿನ್ಸಿಪಾಲರು ಇರುವುದಿಲ್ಲ. ಕಾವಲುಗಾರ ಇರುತ್ತಾನೆ. ಹಾಸ್ಟೆಲ್ಲಿನ ಅಡುಗೆಯವರು ಇರುತ್ತಾರೆ. ಅವರ ಹೆಸರು, ಹುದ್ದೆ ಬರೆದು, ಆಡಳಿತ ಮಂಡಳಿಯ ಠರಾವು ಮಾಡಿಸಿ. ಠರಾವು ಇಲ್ಲದೆ ಬಡವರು ಬೀಗಕ್ಕೆ ಕೈ ಹಚ್ಚುವುದಿಲ್ಲ ಮೇಡಂ. ನಾಳೆ ಏನಾದರೂ ಕಳೆದುಹೋದರೆ ತನ್ನ ಮೇಲೆ ಬರುತ್ತದೆ ಅಂತ ಅವರಿಗೆ ಗೊತ್ತು.

ಭಾನುವಾರ ನೀರು ಇಳಿದ ಮೇಲೆ ನಾನು ಬಂದು ಬಾಗಿಲು ತೆಗೆಸಿದೆ. ನಾನು ಹಬ್ಬಕ್ಕೆ ಹೋಗುವ ಮುಂಚೆಯೇ ಕೆಳಗಿನ ರ್‍ಯಾಕಿನ ಪುಸ್ತಕಗಳನ್ನು ಎರಡನೇ ರ್‍ಯಾಕಿಗೆ ಏರಿಸಿದ್ದೆ. ಯಾಕೆಂದರೆ 2009ರ ಪ್ರವಾಹದಲ್ಲಿ ನೀರು ಮೆಟ್ಟಿಲು ದಾಟಿರಲಿಲ್ಲ, ಈ ಸಲ ಜಾಸ್ತಿ ಆದರೂ ಒಂದು ಅಡಿ ಅಂದುಕೊಂಡಿದ್ದೆ. ಗೋಡೆಯ ಮೇಲೆ ಕೆಸರಿನ ಗೆರೆ ನಾಲ್ಕನೇ ರ್‍ಯಾಕಿನ ಮೇಲಿತ್ತು. ರಿಜಿಸ್ಟರುಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು ಇಟ್ಟಿಗೆ ಕಟ್ಟಿದ ಹಾಗೆ ಕೂತಿದ್ದವು. ಎಳೆದರೆ ಬೆನ್ನು ಕಿತ್ತು ಕೈಗೆ ಬರುತ್ತಿತ್ತು. ಕೊನೆಗೆ ರ್‍ಯಾಕಿನ ಬದಿಯ ಬೋಲ್ಟ್ ಬಿಚ್ಚಿ, ಪಕ್ಕದ ತಗಡು ತೆಗೆದು ಒಂದೊಂದೇ ಹೊರಗೆ ತೆಗೆದೆವು.

ಒಂದು ಗುಟ್ಟು ಹೇಳುತ್ತೇನೆ. ಹಳೆಯ ಪ್ರವೇಶ ರಿಜಿಸ್ಟರುಗಳು, ಅರವತ್ತರ ದಶಕದವು, ನಿಬ್ಬಿನ ಪೆನ್ನಿನಲ್ಲಿ ನೀಲಿಕಪ್ಪು ಶಾಯಿಯಿಂದ ಬರೆದವು. ಕಾಗದ ಮೆತ್ತಗಾಗಿತ್ತು, ಅಕ್ಷರ ಅಲುಗಿರಲಿಲ್ಲ. ಜೆಲ್ ಪೆನ್ನಿನಲ್ಲಿ ಬರೆದ ಇತ್ತೀಚಿನ ಪುಟಗಳು ಮಾತ್ರ ಬರೀ ನೀಲಿ ಕಲೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದದ್ದೂ ಹರಿದುಹೋಗಿತ್ತು, ಲೇಸರ್ ಪ್ರಿಂಟ್ ನಿಂತಿತ್ತು. ನಿಮ್ಮ ಆಫೀಸಿನಲ್ಲಿ ಶಾಶ್ವತ ದಾಖಲೆಗೆ ಜೆಲ್ ಪೆನ್ ಮುಟ್ಟಬಾರದು ಅಂತ ಇವತ್ತೇ ಹೇಳಿಬಿಡಿ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಒದ್ದೆ ಕಾಗದಕ್ಕೆ ನಿಮಗೆ ಸಿಗುವುದು ಎರಡು ದಿನ ಅಷ್ಟೇ, ಆಮೇಲೆ ಬೂಷ್ಟು ಹಿಡಿಯುತ್ತದೆ. ನಮಗೆ ಆ ಎರಡು ದಿನ ನೀರೊಳಗೇ ಹೋಗಿತ್ತು. ಮೊದಲ ದಿನ ನಾವು ಬಿಸಿಲಿಗೆ ಹರವಿದೆವು. ಅದು ತಪ್ಪು. ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡವು. ಆಮೇಲೆ ಮೇಲಿನ ಸಭಾಂಗಣದಲ್ಲಿ ಹಗ್ಗ ಕಟ್ಟಿ, ಬಾಡಿಗೆ ಜನರೇಟರಿನಿಂದ ಫ್ಯಾನ್ ಹಾಕಿ, ಪುಟಗಳ ನಡುವೆ ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆ ಇಟ್ಟೆವು. ಎನ್ನೆಸ್ಸೆಸ್ ಹುಡುಗರು ಸರದಿಯಲ್ಲಿ ಕೂತು ಹಾಳೆ ಬದಲಿಸಿದರು. ಒಬ್ಬಳು ಹುಡುಗಿ, ಅವಳ ಮನೆಯೇ ಬಿದ್ದಿತ್ತು, ಪರಿಹಾರ ಕೇಂದ್ರದಿಂದ ದಿನಾ ನಡೆದು ಬರುತ್ತಿದ್ದಳು. ಯಾಕಮ್ಮಾ ಅಂತ ಕೇಳಿದೆ. "ನಮ್ಮಪ್ಪಂದೂ ಇದರಾಗ ಐತ್ರಿ ಸರ್, ಅವರೂ ಇದೇ ಕಾಲೇಜು" ಅಂದಳು.

ಪ್ರವೇಶ ರಿಜಿಸ್ಟರು ಹೆಚ್ಚುಕಡಿಮೆ ಉಳಿದವು. ಸೇವಾ ಪುಸ್ತಕಗಳಲ್ಲಿ ನಾಲ್ಕು ಹೋದವು. ಅದರಲ್ಲಿ ಒಂದು ನಮ್ಮ ಅಟೆಂಡರ್ ಅಕ್ಕನದು. ಆ ವರ್ಷ ಡಿಸೆಂಬರಿಗೆ ಅವರ ನಿವೃತ್ತಿ. ಎಸ್‌ಆರ್, ಅಂದರೆ ಆ ಸೇವಾ ಪುಸ್ತಕ, ಇಲ್ಲದೆ ಪಿಂಚಣಿ ಕಾಗದ ಮುಂದೆ ಹೋಗುವುದಿಲ್ಲ. ಹಳೆಯ ಬಿಲ್ಲಿನ ಪ್ರತಿ, ಇಂಕ್ರಿಮೆಂಟ್ ಆದೇಶ, ರಜೆ ಮಂಜೂರಾತಿ, ಎಲ್ಲ ಬೇರೆ ಬೇರೆ ಕಚೇರಿಯಿಂದ ಒಂದೊಂದೇ ತಂದು ಮರಳಿ ಕಟ್ಟುವುದಕ್ಕೆ 14 ತಿಂಗಳು ಹಿಡಿಯಿತು. ಅಷ್ಟು ದಿನ ಅವರು ಮಗಳ ಮನೆಯಲ್ಲಿದ್ದರು. ಪ್ರತಿ ತಿಂಗಳೂ ಫೋನ್ ಮಾಡಿ, "ಏನಾದರೂ ಆಯಿತಾ ಸರ್?" ಅಂತ ಕೇಳುವರು. ಯೋಜನೆ ಬರೆಯುವಾಗ ಆ ಅಕ್ಕನಂಥವರನ್ನು ಮುಂದೆ ಕೂರಿಸಿಕೊಂಡು ಬರೆಯಿರಿ ಮೇಡಂ.

ಇನ್ನು ನೀವು ಕೇಳಿದ್ದು, ಮುಚ್ಚಿದ ಮೇಲೆ ಹೇಗೆ ನಡೆಸುವುದು ಅಂತ. ಮುಂದಿನ ವರ್ಷ ನಾವು ಮಾಡಿದ್ದು ಇಷ್ಟೇ. ಒಂದು ದೊಡ್ಡ ಹಾಳೆಯಲ್ಲಿ ಕಾಲೇಜಿನ ಎಲ್ಲ ಕೆಲಸ ಬರೆದೆವು. ಪ್ರತಿಯೊಂದರ ಮುಂದೆ, ಇದು ಎಷ್ಟು ದಿನ ನಿಂತರೆ ನಡೆಯುತ್ತದೆ ಅಂತ ಒಂದು ಅಂಕಿ. ನಡೆಯುತ್ತಿರುವ ಪರೀಕ್ಷೆ ಸೊನ್ನೆ ದಿನ. ಹಾಸ್ಟೆಲ್ ಊಟ ಸೊನ್ನೆ ದಿನ. ಪ್ರವೇಶದ ಕಾಲದಲ್ಲಿ ಟಿಸಿ ಎರಡು ದಿನ, ಬೇರೆ ಕಾಲದಲ್ಲಿ ಹತ್ತು ದಿನ. ಸಂಬಳದ ಬಿಲ್ಲು ತಿಂಗಳ 20ರ ಒಳಗೆ. ಗ್ರಂಥಾಲಯ ಹದಿನೈದು ದಿನ ನಿಂತರೂ ನಡೆಯುತ್ತದೆ. ಆಮೇಲೆ ಪ್ರತಿ ಕೆಲಸಕ್ಕೂ ಮೂರು ಹೆಸರು: ಮಾಡುವವರು, ಅವರಿಲ್ಲದಿದ್ದರೆ ಯಾರು, ಆ ಇಬ್ಬರೂ ಇಲ್ಲದಿದ್ದರೆ ಯಾರು. ಮೂರನೇ ಹೆಸರು ಬರೆಯುವಾಗ ಎಲ್ಲರೂ ಸುಮ್ಮನೆ ಮುಖ ಮುಖ ನೋಡಿಕೊಂಡೆವು. ಎಷ್ಟೋ ಕೆಲಸಕ್ಕೆ ಎರಡನೆಯವರೇ ಇರಲಿಲ್ಲ.

ಆ ಹಾಳೆಯ ಕೆಲಸ ಶುರುವಾದದ್ದು ಫೆಬ್ರವರಿಯಲ್ಲಿ, ಮುಗಿಯುವ ಮುಂಚೆಯೇ ಕೊರೊನಾ ಬಂತು. 2020ರ ಮಾರ್ಚ್ 13ಕ್ಕೆ ಒಂದು ವಾರ ಬಂದ್ ಅಂತ ಸರ್ಕಾರ ಹೇಳಿತು. ಒಂದು ವಾರ ತಾನೇ ಅಂತ ನಾವು ಎಲ್ಲವನ್ನೂ ಡ್ರಾಯರಿನಲ್ಲಿಟ್ಟು ಮನೆಗೆ ಹೋದೆವು. ಪದವಿ ಕಾಲೇಜು ಮತ್ತೆ ತೆಗೆದದ್ದು ನವೆಂಬರ್ 17ಕ್ಕೆ. ಬಿಲ್ಲಿಗೆ ಡಿಜಿಟಲ್ ಸಹಿ ಹಾಕಲು ಕಂಪ್ಯೂಟರಿಗೆ ಸಿಕ್ಕಿಸುವ ಡಿಎಸ್‌ಸಿ ಡಾಂಗಲ್ ಆಫೀಸಿನ ಕಪಾಟಿನಲ್ಲಿ. ಪೋರ್ಟಲ್ಲಿನ ಓಟಿಪಿ ಬರುವುದು ಊರಿಗೆ ಹೋದ ಗುಮಾಸ್ತರ ಹಳೆಯ ನಂಬರಿಗೆ, ಆ ಊರಲ್ಲಿ ಸಿಗ್ನಲ್ ಇಲ್ಲ. ನಾನು ಪೊಲೀಸರ ಪಾಸ್ ಮಾಡಿಸಿಕೊಂಡು ಬೈಕ್ ಮೇಲೆ ಹೋಗಿ ಡಾಂಗಲ್ ತಂದೆ. ಹೊಳೆ ಬಂದರೂ ರೋಗ ಬಂದರೂ ನಮ್ಮನ್ನು ನಿಲ್ಲಿಸಿದ್ದು ಅದೇ ಕೀಲಿ, ಅದೇ ಫೋನ್ ನಂಬರು.

ಉಳಿದದ್ದು ಬೇಗ ಹೇಳುತ್ತೇನೆ. ಕೀಲಿಗಳ ಒಂದು ಪೂರ್ತಿ ಸೆಟ್ಟು ಕಾಲೇಜಿನಿಂದ ದೂರ, ಎತ್ತರದ ಜಾಗದಲ್ಲಿ ಇರಲಿ. ನಮ್ಮದು ಸಂಸ್ಥೆಯ ಹೈಸ್ಕೂಲಿನಲ್ಲಿತ್ತು. ತುರ್ತಿಗೆ 20,000 ರೂಪಾಯಿ ತನಕ ಟೆಂಡರ್, ಕೊಟೇಶನ್ ಇಲ್ಲದೆ ಖರ್ಚು ಮಾಡಲು ಠರಾವು ಮಾಡಿಸಿಡಿ. ಡೀಸೆಲ್ಲು, ಪಂಪು, ಟ್ರ್ಯಾಕ್ಟರ್ ಬಾಡಿಗೆಗೆ ಕೈಯಲ್ಲಿ ದುಡ್ಡು ಬೇಕು. ಕರೆಂಟಿನ ಮೇನ್ ಬಂದ್ ಮಾಡುವುದು ಹೇಗೆ ಅಂತ ಐದು ಜನರಿಗಾದರೂ ಗೊತ್ತಿರಲಿ, ನೀರು ಇಳಿದ ಮೇಲೆ ಲೈನ್‌ಮನ್ ನೋಡುವ ತನಕ ಯಾರೂ ಅದನ್ನು ಮುಟ್ಟಬಾರದು.

ಮತ್ತೆ, ನಿಮ್ಮ ಕಾಲೇಜು ಸ್ವಲ್ಪ ಎತ್ತರದಲ್ಲಿದ್ದರೆ ತಹಶೀಲ್ದಾರರು ಅದನ್ನೇ ಕಾಳಜಿ ಕೇಂದ್ರ (ನೆರೆ ಸಂತ್ರಸ್ತರು ಉಳಿಯುವ ಪರಿಹಾರ ಕೇಂದ್ರ) ಮಾಡುತ್ತಾರೆ. ಮಾಡಲೇಬೇಕು, ಜನ ಎಲ್ಲಿಗೆ ಹೋಗುತ್ತಾರೆ? ಯಾವ ಕೋಣೆ ಅವರಿಗೆ, ಯಾವುದು ನಮಗೆ, ಕೀಲಿ ಯಾರು ಕೊಡುತ್ತಾರೆ ಅಂತ ಮಳೆಗಾಲಕ್ಕೆ ಮುಂಚೆಯೇ ತಹಶೀಲ್ದಾರ್ ಕಚೇರಿಗೆ ಹೋಗಿ ಮಾತಾಡಿಕೊಳ್ಳಿ. ಪರೀಕ್ಷೆ ನಡೆಯುವಾಗ ನೆರೆ ಬಂದರೆ ಉತ್ತರ ಪತ್ರಿಕೆಯ ಕೋಣೆ ಯಾವುದು ಅಂತಲೂ ಅವರಿಗೆ ಗೊತ್ತಿರಬೇಕು.

ಸರ್ವರ್_ರೂಮ್

ಸೂಪರಿಂಟೆಂಡೆಂಟ್ ಸರ್ ಬರೆದದ್ದು ಓದಿ ಕಣ್ಣು ತುಂಬಿ ಬಂತು. ನಾನು ಹುಬ್ಬಳ್ಳಿ ಕಡೆಯ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಒಂದು ಸಂಶಯ. ಈಗ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಯುಯುಸಿಎಂಎಸ್‌ನಲ್ಲಿ (ವಿಶ್ವವಿದ್ಯಾಲಯ, ಕಾಲೇಜುಗಳ ಸರ್ಕಾರಿ ಪೋರ್ಟಲ್) ಇರುತ್ತದೆ. ಅಂಕಪಟ್ಟಿಯೂ ಡಿಜಿಲಾಕರಿನಲ್ಲಿ ಸಿಗುತ್ತದೆ. ಹಾಗಿದ್ದ ಮೇಲೆ ರಿಜಿಸ್ಟರಿಗೆ ಇಷ್ಟು ಒದ್ದಾಡಬೇಕಾ?

ಕಂಪ್ಯೂಟರ್ ಬಗ್ಗೆ ನನ್ನದೂ ಒಂದು ಮಾತು. ಬ್ಯಾಕಪ್ ತೆಗೆಯುತ್ತೇವೆ ಅಂತ ಎಲ್ಲ ಕಾಲೇಜಿನವರೂ ಹೇಳುತ್ತಾರೆ. ಆ ಹಾರ್ಡ್ ಡಿಸ್ಕ್ ಎಲ್ಲಿದೆ ಅಂತ ಕೇಳಿ. ಅದೇ ಮೇಜಿನ ಮೇಲೆ, ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತದೆ. ನೀರು ಬಂದರೂ ವೈರಸ್ ಬಂದರೂ ಎರಡೂ ಒಟ್ಟಿಗೇ ಹೋಗುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಲ್ಲಿ, ಇದು ನಮ್ಮ ಕ್ಷೇತ್ರದ ಹಳೆಯ ಲೆಕ್ಕ. ಮತ್ತೆ ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಫೈಲನ್ನಾದರೂ ನಿಜವಾಗಿ ತೆರೆದು ನೋಡಿ. ನಮ್ಮಲ್ಲಿ ಎರಡು ವರ್ಷ ಬ್ಯಾಕಪ್ ಆಗುತ್ತಿದೆ ಅಂದುಕೊಂಡಿದ್ದೆವು. ತೆರೆದು ನೋಡಿದರೆ ಫೋಲ್ಡರ್ ಖಾಲಿ ಇತ್ತು.

ನಿವೃತ್ತ_ಸೂಪರಿಂಟೆಂಡೆಂಟ್

ಸರ್, ಒಳ್ಳೇ ಪ್ರಶ್ನೆ. ಯುಯುಸಿಎಂಎಸ್ ಬಂದ ಮೇಲಿನ ಮಕ್ಕಳಿಗೆ ನೀವು ಹೇಳಿದ್ದು ಸರಿ. ಅದಕ್ಕಿಂತ ಹಿಂದಿನವರು? ನಾನು ಕೆಲಸದಲ್ಲಿದ್ದಾಗ ಕೌಂಟರಿಗೆ ಬರುತ್ತಿದ್ದವರಲ್ಲಿ ಎಷ್ಟೋ ಜನ ಐವತ್ತು ದಾಟಿದವರು. ನೆರೆ ಇಳಿದ ಮುಂದಿನ ತಿಂಗಳು ಒಬ್ಬರು ಬಸ್ ಕಂಡಕ್ಟರ್ ಬಂದರು. ಮನೆ ಬಿದ್ದು ಕಾಗದ ಎಲ್ಲ ಹೋಗಿತ್ತು. ಜನ್ಮ ದಿನಾಂಕಕ್ಕೆ ದಾಖಲೆ ಬೇಕಿತ್ತು. ಅವರು ಓದಿದ್ದು 1986ರಲ್ಲಿ, ಪದವಿ ಮುಗಿಸಿರಲಿಲ್ಲ. ಯಾವ ಪೋರ್ಟಲ್ಲಿನಲ್ಲೂ ಅವರ ಹೆಸರಿಲ್ಲ. ಆ ರಿಜಿಸ್ಟರು ಇನ್ನೂ ಹಗ್ಗದ ಮೇಲೆ ಒಣಗುತ್ತಿತ್ತು. ಅವರನ್ನೇ ಸಭಾಂಗಣಕ್ಕೆ ಕರೆದುಕೊಂಡು ಹೋಗಿ, ಪುಟ ಹುಡುಕಿ ತೋರಿಸಿದೆ. ತಮ್ಮ ಅಪ್ಪನ ಸಹಿ ನೋಡಿ ಅಲ್ಲೇ ನಿಂತುಬಿಟ್ಟರು.

ಆಮೇಲೆ ನಾವು ಎಲ್ಲ ಪ್ರವೇಶ ರಿಜಿಸ್ಟರುಗಳನ್ನೂ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿಸಿದೆವು. ಎಂಟು ಹುಡುಗರು, ಹನ್ನೊಂದು ದಿನ. ಮೂರು ಪ್ರತಿ ಮಾಡಿ, ಒಂದನ್ನು ಧಾರವಾಡದಲ್ಲಿ ಇಟ್ಟೆವು. ನಿಮ್ಮ ಲೆಕ್ಕ ನಮಗೆ ಗೊತ್ತಿರಲಿಲ್ಲ, ಹೆದರಿಕೆಯೇ ಅದನ್ನು ಕಲಿಸಿತು.

ಮಡಿಕೇರಿ_ವಾರ್ಡನ್

ಮೇಡಂ, ನಿಮ್ಮಲ್ಲಿ 60 ಹುಡುಗಿಯರ ಹಾಸ್ಟೆಲ್ ಇದೆ ಅಂದಿರಿ, ಹಾಗಾಗಿ ಬರೆಯುತ್ತಿದ್ದೇನೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾನು ಹಾಸ್ಟೆಲ್ ವಾರ್ಡನ್. ಮಕ್ಕಂದೂರು, ಜೋಡುಪಾಲ ಕಡೆಯ ಸುದ್ದಿ ಒಂದೊಂದೇ ಬರುತ್ತಿತ್ತು. ಮಂಗಳೂರು ರಸ್ತೆ ಕಡಿದುಹೋಯಿತು. ಕರೆಂಟ್ ಇಲ್ಲ, ಟವರ್ ಇಲ್ಲ. ಮಕ್ಕಳ ತಂದೆತಾಯಿಯ ನಂಬರೆಲ್ಲ ನನ್ನ ಫೋನಿನಲ್ಲಿ, ಫೋನಿನಲ್ಲಿ ಚಾರ್ಜ್ ಇಲ್ಲ. ಮೊದಲ ರಾತ್ರಿ ಮಕ್ಕಳನ್ನು ಸಾಲಾಗಿ ಕೂರಿಸಿ, ಅವರವರ ಮನೆಯ ನಂಬರ್ ನೆನಪಿದೆಯಾ ಅಂತ ಕೇಳಿದೆ. ಅರ್ಧದಷ್ಟು ಮಕ್ಕಳಿಗೆ ಅಮ್ಮನ ನಂಬರ್ ಬಾಯಿಗೆ ಬರುತ್ತಿರಲಿಲ್ಲ.

ಅವತ್ತಿನಿಂದ ನನ್ನದು ಒಂದೇ ಪದ್ಧತಿ. ಕೋಣೆವಾರು ಪಟ್ಟಿ, ಕಾಗದದ ಮೇಲೆ. ಹುಡುಗಿಯ ಹೆಸರು, ಮನೆಯ ಇಬ್ಬರ ನಂಬರು, ರಕ್ತದ ಗುಂಪು, ದಿನಾ ತೆಗೆದುಕೊಳ್ಳುವ ಮಾತ್ರೆ, ರಸ್ತೆ ಬಂದ್ ಆದರೆ ಹತ್ತಿರದಲ್ಲಿ ಯಾರ ಮನೆಗೆ ಹೋಗಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಡುಗೆಮನೆ ಬಾಗಿಲ ಹಿಂದೆ ನೇತುಹಾಕಿದ್ದೇನೆ. ರಾತ್ರಿ ಹಾಜರಿಯಲ್ಲಿ ಯಾರು ಊರಿಗೆ ಹೋಗಿದ್ದಾರೆ ಅಂತ ಅದರಲ್ಲೇ ಗುರುತು. ಕಟ್ಟಡ ಖಾಲಿ ಮಾಡಿದ ಮೇಲೆ ಒಳಗೆ ಯಾರೂ ಉಳಿದಿಲ್ಲ ಅಂತ ಹೇಳಬೇಕಾದರೆ ಅವತ್ತು ಒಳಗೆ ಎಷ್ಟು ಜನ ಇದ್ದರು ಅಂತ ಗೊತ್ತಿರಬೇಕು, ಅಲ್ವಾ?

ಮೂರು ದಿನಕ್ಕಾಗುವಷ್ಟು ಅಕ್ಕಿ, ಬೇಳೆ, ಗ್ಯಾಸು, ಕುಡಿಯುವ ನೀರು, ಸ್ಯಾನಿಟರಿ ಪ್ಯಾಡು ಬೇರೆಯಾಗಿಯೇ ಇರಲಿ. ಗಂಡಸರು ಬರೆದ ಯೋಜನೆಯಲ್ಲಿ ಆ ಕೊನೆಯದು ನಾನು ಒಮ್ಮೆಯೂ ನೋಡಿಲ್ಲ, ದಯವಿಟ್ಟು ಸೇರಿಸಿ. ನಂಬರುಗಳಲ್ಲಿ 112 ಎಲ್ಲರಿಗೂ ಗೊತ್ತು. ಜಿಲ್ಲಾ ಕಂಟ್ರೋಲ್ ರೂಮಿನ 1077 ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಲ್ಯಾಬ್_ಸಹಾಯಕ

ಒಂದೇ ಒಂದು ವಿಷಯ. ರಸಾಯನಶಾಸ್ತ್ರದ ಲ್ಯಾಬ್ ಕೆಳಮಹಡಿಯಲ್ಲಿದೆ ಅಂದಿರಿ. ಅಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಬಾಟಲಿ ಇರುತ್ತದೆ. ನೆರೆ ನೀರಿನಲ್ಲಿ ಆ ಬಾಟಲಿ ಉರುಳಿ ಒಡೆದರೆ, ಸೋಡಿಯಂ ನೀರಿಗೆ ತಾಗಿ ಹೈಡ್ರೋಜನ್ ಬಿಟ್ಟು ಹತ್ತಿಕೊಳ್ಳುತ್ತದೆ. ನೀರಿನಲ್ಲೇ ಬೆಂಕಿ. ಸಾಂದ್ರ ಗಂಧಕಾಮ್ಲಕ್ಕೆ ನೀರು ನುಗ್ಗಿದರೆ ಕುದಿದು ಸಿಡಿಯುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಇವೆರಡನ್ನೂ ಮೇಲಿನ ಮಹಡಿಗೆ ಕಳಿಸಿ, ಆದರೆ ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ನೈಟ್ರಿಕ್ ಆಮ್ಲದ ಹತ್ತಿರ ಸ್ಪಿರಿಟ್ ಇಡಬೇಡಿ. ಏನೇನು ಎಷ್ಟಿದೆ ಅಂತ ಒಂದು ಪಟ್ಟಿ ಲ್ಯಾಬಿನ ಹೊರಗಡೆ ಇರಲಿ. ಅಗ್ನಿಶಾಮಕದವರು ಬಂದಾಗ ಮೊದಲು ಕೇಳುವುದೇ ಒಳಗೆ ಏನಿದೆ ಅಂತ.

ಸೋಡಿಯಂ ಬೆಂಕಿಗೆ ನೀರೂ ಬೇಡ, ಗೋಡೆಗೆ ತೂಗುಹಾಕಿದ ಸಿಒ2 ಸಿಲಿಂಡರೂ ಬೇಡ. ಒಣ ಮರಳಿನ ಬಕೆಟ್ ಬೇಕು. ಮರಳು ನಿಜವಾಗಿ ಒಣಗಿದೆಯಾ ಅಂತ ಕೈ ಹಾಕಿ ನೋಡಿ.

ಘಟಪ್ರಭಾ_ದಂಡೆ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಈ ನಾಲ್ಕು ದಿನ ನಾನು ಫೈಲ್ ಮುಟ್ಟಲಿಲ್ಲ, ಕಾಲೇಜು ಸುತ್ತಿದೆ.

ಸೋಡಿಯಂ ಬಾಟಲಿ ಸಿಂಕಿನ ಕೆಳಗಿನ ಕಪಾಟಿನಲ್ಲಿತ್ತು. ಅವತ್ತೇ ಮೇಲೆ ಕಳಿಸಿದೆವು. ರೆಕಾರ್ಡ್ ರೂಮಿಗೆ ಟೇಪ್ ಹಿಡಿದು ಹೋದೆ. ಕೆಳಗಿನ ರ್‍ಯಾಕ್ ನೆಲದಿಂದ ನಾಲ್ಕು ಇಂಚು ಎತ್ತರ ಇದೆ, ಅದರಲ್ಲಿ ಇರುವುದು ಸೇವಾ ಪುಸ್ತಕಗಳೇ. ನಿಮ್ಮ ಅಟೆಂಡರ್ ಅಕ್ಕನ ವಿಷಯ ನಮ್ಮ ಆಫೀಸಿನವರಿಗೆ ಓದಿ ಹೇಳಿದೆ. ಯಾರೂ ಮಾತಾಡಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಅವರೇ ಎಲ್ಲವನ್ನೂ ಮೊದಲ ಮಹಡಿಗೆ ಸಾಗಿಸಿದರು.

ಸೂಪರಿಂಟೆಂಡೆಂಟ್ ಸರ್, ಒಂದು ಪ್ರಶ್ನೆ ಉಳಿದಿದೆ. ಬೀಗ ಒಡೆಯುವುದು ಯಾವಾಗ? ನಮ್ಮ ಘಟಪ್ರಭೆಯ ಹಿಡಕಲ್ ಡ್ಯಾಮಿನಿಂದ ಇಷ್ಟು ಕ್ಯೂಸೆಕ್ ಬಿಟ್ಟರೆ ಅಂತ ಬರೆಯಬಹುದಾ?

ನಿವೃತ್ತ_ಸೂಪರಿಂಟೆಂಡೆಂಟ್

ಮೇಡಂ, ಡ್ಯಾಮಿನ ಅಂಕಿ ನೋಡಬೇಕು, ಆದರೆ ಅದೊಂದನ್ನೇ ನಂಬಬೇಡಿ. ನಮ್ಮಲ್ಲಿ ನವಿಲುತೀರ್ಥದಿಂದ ಹನಿ ನೀರು ಬಿಡದಿದ್ದರೂ ಡ್ಯಾಮಿನ ಕೆಳಗೆ ಸೇರುವ ಬೆಣ್ಣೆಹಳ್ಳ ಒಂದೇ ಏರಿ ಊರು ಹೊಕ್ಕಿದ್ದುಂಟು. ನಿಮ್ಮಲ್ಲೂ ಹಾಗೇ. ಹಿಡಕಲ್ 51 ಟಿಎಂಸಿ ಹಿಡಿಯುತ್ತದೆ, ಆದರೆ ಗೋಕಾಕ ಹತ್ತಿರ ಮಾರ್ಕಂಡೇಯ ಹೊಳೆ ಬಂದು ಸೇರುವುದು ಡ್ಯಾಮಿನ ಕೆಳಗೆ. ಆ ನೀರು ಡ್ಯಾಮಿನ ಲೆಕ್ಕಕ್ಕೆ ಬರುವುದಿಲ್ಲ.

ನಾವು ಮೂರು ಮೆಟ್ಟಿಲು ಮಾಡಿದ್ದೆವು. ಡ್ಯಾಂ ಮುಕ್ಕಾಲು ತುಂಬಿತು ಅಂದರೆ ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಟಿಸ್ ಬೋರ್ಡಿನಲ್ಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಜಲಾಶಯಗಳ ಅಂಕಿ ದಿನಾ ಹಾಕುತ್ತಾರೆ, ಒಬ್ಬ ಹುಡುಗನಿಗೆ ಆ ಕೆಲಸ ಹಚ್ಚಿ. ಗೇಟು ತೆಗೆಯುತ್ತಾರೆ ಅಂತ ಡಂಗುರ ಬಂದರೆ, ಅಥವಾ ಮೇಲೆ ಎರಡು ದಿನ ಬಿಡದೆ ಮಳೆ ಆದರೆ, ಕೆಳಗಿನ ಸಾಮಾನು ಮೇಲಕ್ಕೆ. ಹಾಸ್ಟೆಲ್ ಮಕ್ಕಳನ್ನು ರಸ್ತೆ ತೆರೆದಿರುವಾಗಲೇ ಮನೆಗೆ ಕಳಿಸಬೇಕಾ ಅಂತ ಅವತ್ತೇ ನಿರ್ಧಾರ. ಮೂರನೆಯದು ನಿಮ್ಮೂರಿನ ಗುರುತು. ಯಾವ ಕಟ್ಟೆ, ಯಾವ ಗುಡಿಯ ಮೆಟ್ಟಿಲು ಮುಳುಗಿದರೆ ನೀರು ಎಷ್ಟು ಹೊತ್ತಿಗೆ ಕಾಲೇಜಿಗೆ ಬರುತ್ತದೆ ಅಂತ ಹೊಳೆ ದಂಡೆಯ ಹಳಬರನ್ನು, ಅಂಬಿಗರನ್ನು ಕೇಳಿ. ಅವರಿಗೆ ತಾಸಿನ ಲೆಕ್ಕ ಗೊತ್ತಿರುತ್ತದೆ. ಆ ಮೆಟ್ಟಿಲು ಮುಳುಗಿತು ಅಂದರೆ ಫೋನ್ ಬೇಡ, ಅಪ್ಪಣೆ ಬೇಡ, ಬೀಗ ಒಡೆಯುವುದು.

ಘಟಪ್ರಭಾ_ದಂಡೆ

ಸರ್, ಹೊಳೆ ದಂಡೆಗೆ ನಿನ್ನೆ ಹೋಗಿದ್ದೆ. ಬಟ್ಟೆ ಒಗೆಯುತ್ತಿದ್ದ ಒಬ್ಬರು ಅಜ್ಜಿ, ಹನುಮಪ್ಪನ ಗುಡಿಯ ಕಟ್ಟೆ ತೋರಿಸಿ, "ಇದು ಮುಳುಗಿದ ಮ್ಯಾಲೆ ನಿಮ್ಮ ಸಾಲಿಗೆ ಬರಾಕ ನಾಕ್ ತಾಸು ಬೇಕವ್ವಾ" ಅಂದರು. ನಾಲ್ಕು ತಾಸು ಅಂತ ಬರೆದುಕೊಂಡು ಬಂದೆ. ಸುರಕ್ಷಿತವಾಗಿರಲಿ ಅಂತ ಯೋಜನೆಯಲ್ಲಿ ಎರಡೂವರೆ ತಾಸು ಅಂತ ಹಾಕಿದ್ದೇನೆ.

ಇವತ್ತು ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಆಯಿತು. ಬೀಗ ಒಡೆಯುವವರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ರಾತ್ರಿ ಕಾವಲುಗಾರರದು, ಎರಡನೆಯದು ಹಾಸ್ಟೆಲ್ ಅಡುಗೆಯ ಅಕ್ಕನದು. ಸಂಜೆ ಇಬ್ಬರನ್ನೂ ಕರೆದು ಓದಿ ಹೇಳಿದೆ, ಒಂದೊಂದು ಪ್ರತಿ ಕೊಟ್ಟೆ. ಕಾವಲುಗಾರರು ಕಾಗದವನ್ನು ಬಹಳ ಹೊತ್ತು ನೋಡಿ, "ಒಡೆದ ಬೀಗದ ರೊಕ್ಕ ನನ್ನ ಪಗಾರದಾಗ ಹಿಡಿಯಂಗಿಲ್ಲಲ್ರೀ ಮೇಡಂ?" ಅಂತ ಕೇಳಿದರು. ಪ್ರಿನ್ಸಿಪಾಲರ ಹತ್ತಿರ ಮತ್ತೆ ಹೋಗಿ ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಂಡು ಬಂದೆ: ಹೊಸ ಬೀಗದ ಖರ್ಚು ಕಾಲೇಜಿನದು.